ಅರಿವಳಿಕೆ ಕೊಟ್ಟ ಆ ಎರಡೂವರೆ ಗಂಟೆ ‘ನಾನು’ ಎಲ್ಲಿದ್ದೆ?

ಅರೆನಿದ್ದೆ

ಹೋದ ತಿಂಗಳು ಕಾಲಿನ ಮೂಳೆ ಮುರಿದು ಆಪರೇಷನ್ ಆಯಿತು. ಟೇಬಲ್ ಮೇಲೆ ಮಲಗಿಸಿದಾಗ ಎದುರಿನ ಗಡಿಯಾರದಲ್ಲಿ ಹತ್ತೂ ಹತ್ತು. ಹಾಲಿನ ಹಾಗೆ ಬೆಳ್ಳಗಿದ್ದ ಮದ್ದು ಕೈಯ ನರಕ್ಕೆ ಇಳಿಯಿತು. ಸ್ವಲ್ಪ ಉರಿ. ನೂರರಿಂದ ಹಿಂದಕ್ಕೆ ಎಣಿಸಿ ಅಂದರು. ತೊಂಬತ್ತಾರು ಅಂದಿದ್ದು ನೆನಪಿದೆ. ತೊಂಬತ್ತೈದು ನೆನಪಿಲ್ಲ. ಮರುಕ್ಷಣ ಯಾರೋ ಕೆನ್ನೆ ತಟ್ಟುತ್ತಿದ್ದಾರೆ. ಕೋಣೆ ಬೇರೆ, ಗಡಿಯಾರ ಬೇರೆ, ಹನ್ನೆರಡೂ ನಲವತ್ತು.

ನಿದ್ದೆಯಿಂದ ಎದ್ದರೆ ‘ಅಬ್ಬಾ, ತುಂಬಾ ಹೊತ್ತಾಯಿತು’ ಅಂತ ಒಳಗೇ ಗೊತ್ತಾಗುತ್ತದೆ. ಇಲ್ಲಿ ಅದೂ ಇಲ್ಲ. ರೀಲು ಕತ್ತರಿಸಿ ಎರಡು ತುದಿ ಅಂಟಿಸಿದ ಹಾಗೆ.

ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇನೆ: ದೇಹ ಬದಲಾಗುತ್ತದೆ, ಮನಸ್ಸು ಬದಲಾಗುತ್ತದೆ, ಒಳಗಿರುವ ನೋಡುವವನು ಮಾತ್ರ ಬದಲಾಗುವುದಿಲ್ಲ. ಸರಿ. ಹಾಗಾದರೆ ಆ ನೋಡುವವನು ಆ ಎರಡೂವರೆ ಗಂಟೆ ಏನು ನೋಡುತ್ತಿದ್ದ? ನಮ್ಮ ಭಾಷೆಯ ಪದವೇ ಅವನ ಪರ ಇಲ್ಲ. ಅರಿವಳಿಕೆ. ಅರಿವು ಅಳಿಯುತ್ತದೆ ಅಂತ ಖಡಾಖಂಡಿತವಾಗಿ ಹೇಳುತ್ತದೆ. ತಿಳಿದವರು ಹೇಳಿ. ಸಮಾಧಾನದ ಮಾತು ಬೇಡ.

ಸುಮ್ನೆ ಓದುಗ

ತೊಂಬತ್ತೈದರ ಒಳಗೆ ಇದ್ದಿರಿ.

ಹಳೇ ಓಲೆ

ನಿಮ್ಮ ದೂರು ಹೊಸದಲ್ಲ ಸ್ವಾಮಿ. ಛಾಂದೋಗ್ಯ ಉಪನಿಷತ್ತಿನ ಎಂಟನೇ ಅಧ್ಯಾಯದಲ್ಲಿ ಇಂದ್ರನದೂ ಇದೇ ತಕರಾರು.

ಆತ್ಮ ಅಂದರೇನು ಅಂತ ಕಲಿಯಲು ಇಂದ್ರ, ವಿರೋಚನ ಇಬ್ಬರೂ ಪ್ರಜಾಪತಿಯ ಹತ್ತಿರ ಬರುತ್ತಾರೆ. 32 ವರ್ಷ ಕಾದ ಮೇಲೆ, ನೀರಿನ ಪಾತ್ರೆಯಲ್ಲಿ ನೋಡಿಕೊಳ್ಳಿ ಅನ್ನುತ್ತಾನೆ ಪ್ರಜಾಪತಿ. ತನ್ನದೇ ಬಿಂಬ ಕಂಡ ವಿರೋಚನ ‘ದೇಹವೇ ಆತ್ಮ’ ಅಂತ ಖುಷಿಯಾಗಿ ಮನೆಗೆ ಹೋಗಿಬಿಡುತ್ತಾನೆ. ಇಂದ್ರನಿಗೆ ದಾರಿಯಲ್ಲೇ ಅನುಮಾನ. ವಾಪಸ್ ಬರುತ್ತಾನೆ. ಮತ್ತೆ 32 ವರ್ಷ. ಕನಸಿನಲ್ಲಿ ಓಡಾಡುವವನೇ ಆತ್ಮ ಅನ್ನುವ ಉತ್ತರ ಸಿಗುತ್ತದೆ. ಅದೂ ಹಿಡಿಸುವುದಿಲ್ಲ. ಮತ್ತೆ 32. ಕನಸೂ ಇಲ್ಲದೆ ಗಾಢ ನಿದ್ದೆಯಲ್ಲಿರುವವನು ಆತ್ಮ ಅನ್ನುತ್ತಾನೆ ಪ್ರಜಾಪತಿ. ಇಂದ್ರ ಹೊರಟು, ಅರ್ಧ ದಾರಿಯಿಂದ ಮತ್ತೆ ತಿರುಗಿ ಬಂದು ಹೇಳುತ್ತಾನೆ: ಆ ನಿದ್ದೆಯಲ್ಲಿ ‘ಇದು ನಾನು’ ಅಂತ ತನಗೇ ಗೊತ್ತಿರುವುದಿಲ್ಲ, ಬೇರೆಯವರೂ ಗೊತ್ತಿರುವುದಿಲ್ಲ, ನಾಶವಾದ ಹಾಗೇ ಆಯಿತಲ್ಲ, ‘ನಾಹಮತ್ರ ಭೋಗ್ಯಂ ಪಶ್ಯಾಮಿ’. ಇದರಲ್ಲಿ ನನಗೇನೂ ಲಾಭ ಕಾಣುತ್ತಿಲ್ಲ ಅಂತ.

ಪ್ರಜಾಪತಿ ಬೈಯುವುದಿಲ್ಲ. ‘ನೀನು ಹೇಳಿದ್ದು ಸರಿ, ಇನ್ನೂ ಐದು ವರ್ಷ ಇರು’ ಅನ್ನುತ್ತಾನೆ. ಒಟ್ಟು 101 ವರ್ಷ. ನೀವು ಇನ್ನೂ ಒಂದು ತಿಂಗಳಲ್ಲಿದ್ದೀರಿ.

ಗುಂಡುಕಲ್ಲು

ನನ್ನ ಓಟು ವಿರೋಚನನಿಗೆ. ಪಾಪ, ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ.

ದೇಹದ ಆಚೆ ಆತ್ಮ ಇಲ್ಲ ಅಂದ ಚಾರ್ವಾಕರು ಎಷ್ಟು ಸರಳವಾಗಿ ಹೇಳಿದ್ದಾರೆ ನೋಡಿ. ಎಲೆ, ಅಡಿಕೆ, ಸುಣ್ಣ. ಮೂರರಲ್ಲಿ ಯಾವುದೂ ಕೆಂಪಲ್ಲ. ಸೇರಿಸಿ ಅಗಿದರೆ ಬಾಯೆಲ್ಲ ಕೆಂಪು. ಹಾಗೇ ಮಣ್ಣು ನೀರು ಬೆಂಕಿ ಗಾಳಿ ಸೇರಿದರೆ ಅರಿವು. ಈಗ ಇದನ್ನೇ ‘ಎಮರ್ಜೆನ್ಸ್’ ಅಂತ ದೊಡ್ಡ ಪದದಲ್ಲಿ ಹೇಳುತ್ತಾರೆ. ಅಗಿಯುವುದು ನಿಂತರೆ ಕೆಂಪು ಎಲ್ಲಿ ಹೋಯಿತು ಅಂತ ಯಾರಾದರೂ ಕೇಳುತ್ತಾರಾ? ಆ ಎರಡೂವರೆ ಗಂಟೆ ನೀವು ಇರಲಿಲ್ಲ. ಮುಗಿಯಿತು.

ಸೂಜಿಮದ್ದು

ನಾನು ಅರಿವಳಿಕೆ ಕೊಡುವ ಕೆಲಸದವನು. ದಿನಾ ನಾಲ್ಕೈದು ಜನರನ್ನು ‘ಇಲ್ಲ’ ಮಾಡಿ ವಾಪಸ್ ಕರೆತರುವವನು ಅಂತಲೂ ಅನ್ನಬಹುದು. ಅದಕ್ಕೇ ಹೇಳುತ್ತೇನೆ, ‘ಮುಗಿಯಿತು’ ಅನ್ನುವಷ್ಟು ಸುಲಭವಿಲ್ಲ.

ನಿಮಗೆ ಕೊಟ್ಟ ಬಿಳಿ ಮದ್ದು ಪ್ರೊಪೋಫಾಲ್ ಇರಬೇಕು. ಅದು ಮೆದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕದ ಬ್ರೇಕನ್ನು ಜೋರಾಗಿ ಒತ್ತುತ್ತದೆ. ಆದರೆ ಮೆದುಳು ಆಫ್ ಆಗುವುದಿಲ್ಲ. ಕಿವಿಗೆ ಬಿದ್ದ ಸದ್ದು ಮೆದುಳಿನ ಶ್ರವಣ ಭಾಗದವರೆಗೂ ಹೋಗುತ್ತದೆ. ಅಲ್ಲಿಂದ ಮುಂದೆ ಸುದ್ದಿ ಹರಡುವುದಿಲ್ಲ, ಅಷ್ಟೇ. ತಲೆಬುರುಡೆಯ ಹೊರಗಿನಿಂದ ಒಂದು ಕಾಂತೀಯ ತಟ್ಟು ಕೊಟ್ಟು, ಅಲೆ ಹೇಗೆ ಹರಡುತ್ತದೆ ಅಂತ ನೋಡುವ ಪರೀಕ್ಷೆ ಇದೆ. ಎಚ್ಚರ ಇರುವವರಲ್ಲಿ ಆ ಅಲೆ ಮೆದುಳಿನ ತುಂಬ ಓಡಾಡಿ, ತರಾವರಿ ಪ್ರತಿಧ್ವನಿ ಬರುತ್ತದೆ. ಗಾಢ ನಿದ್ದೆಯಲ್ಲಿ, ಈ ಮದ್ದಿನಲ್ಲಿ, ತಟ್ಟಿದಲ್ಲೇ ‘ಧಪ್’ ಅಂದು ನಿಲ್ಲುತ್ತದೆ. ಕಂಚಿನ ಗಂಟೆಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಹೊಡೆದ ಹಾಗೆ.

ಇನ್ನೊಂದು ವಿಷಯ. ನಮ್ಮಲ್ಲಿ ಒಂದು ಹಳೇ ಪರೀಕ್ಷೆ ಇದೆ. ಸ್ನಾಯು ಸಡಿಲ ಮಾಡುವ ಮದ್ದು ಕೊಡುವ ಮೊದಲು ಒಂದು ಮುಂಗೈಗೆ ಪಟ್ಟಿ ಬಿಗಿದು, ಆ ಕೈಗೆ ಮದ್ದು ಹೋಗದ ಹಾಗೆ ಮಾಡುತ್ತಾರೆ. ಆಮೇಲೆ ರೋಗಿಯ ಕಿವಿಯಲ್ಲಿ ‘ನನ್ನ ಕೈ ಹಿಸುಕಿ’ ಅನ್ನುತ್ತಾರೆ. ಕೆಲವರು ಹಿಸುಕುತ್ತಾರೆ! ಎದ್ದ ಮೇಲೆ ಕೇಳಿದರೆ ಏನೂ ನೆನಪಿಲ್ಲ. ಅಂದರೆ ನೆನಪು ಇಲ್ಲದಿರುವುದು ಬೇರೆ, ಅರಿವೇ ಇಲ್ಲದಿರುವುದು ಬೇರೆ. ಆ ಹೊತ್ತು ನಿಮ್ಮಲ್ಲಿ ಯಾವುದು ಇರಲಿಲ್ಲ ಅಂತ ನಿಮ್ಮ ನೆನಪನ್ನೇ ಸಾಕ್ಷಿಗೆ ಕರೆದರೆ ಹೇಗೆ?

1846ರಲ್ಲಿ ಬೋಸ್ಟನ್ನಿನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದರು. ಇಷ್ಟು ವರ್ಷವಾದರೂ, ಅರಿವು ಏನೆಂದು ಒಪ್ಪಿತ ಉತ್ತರವಿಲ್ಲದೆ ಅದನ್ನು ಅಳಿಸುತ್ತಾ ಇದ್ದೇವೆ.

ಅರೆನಿದ್ದೆ

ಕೈ ಹಿಸುಕಿದ ವಿಷಯ ಓದಿ ಮೈ ಜುಮ್ ಅಂದಿತು. ಇದನ್ನು ಆಪರೇಷನ್‌ಗೆ ಮೊದಲು ಓದದೇ ಇದ್ದದ್ದು ಒಳ್ಳೆಯದಾಯಿತು.

ಋಷಿಪುತ್ರ

ಇದೆಲ್ಲ ನಮ್ಮ ಋಷಿಗಳಿಗೆ ಆಗಲೇ ಗೊತ್ತಿತ್ತು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳುವ ಭೂಮಿಯ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಕ್ವಾಂಟಮ್ ಭೌತಶಾಸ್ತ್ರ ನೋಡಿ: ನೋಡುವವನಿಲ್ಲದೆ ಜಗತ್ತೇ ಇಲ್ಲ. ಇದೇ ವೇದಾಂತ ಅಲ್ವಾ? ಭೌತವಿಜ್ಞಾನಿ ಶ್ರೋಡಿಂಗರ್ ಕೂಡ ಉಪನಿಷತ್ ಓದಿಯೇ ಸಮೀಕರಣ ಬರೆದದ್ದು.

ಲೆಕ್ಕದ ಮೇಷ್ಟ್ರು

ಲೆಕ್ಕ ಅಂದ ಮೇಲೆ ನಾನು ಸುಮ್ಮನಿರಲಾರೆ.

ಪೂಜೆಗೆ ಕೂತಾಗ ಸಂಕಲ್ಪ ಹೇಳುತ್ತೀರಲ್ಲ, ಶ್ವೇತವರಾಹಕಲ್ಪೇ, ವೈವಸ್ವತಮನ್ವಂತರೇ, ಕಲಿಯುಗೇ ಅಂತ. ಅದೇ ನಮ್ಮ ಇವತ್ತಿನ ವಿಳಾಸ. ಒಂದು ಕಲ್ಪದಲ್ಲಿ 14 ಮನ್ವಂತರ, ನಾವು ಏಳನೆಯದರಲ್ಲಿದ್ದೇವೆ. ಅದರಲ್ಲೂ 28ನೇ ಚತುರ್ಯುಗದ ಕಲಿಯುಗ. ಒಂದು ಚತುರ್ಯುಗ 43,20,000 ವರ್ಷ, ಮನ್ವಂತರಕ್ಕೆ ಅಂಥವು 71, ನಡುನಡುವೆ ಸಂಧಿಕಾಲ. ಕೂಡಿಸಿದರೆ ಈ ಕಲ್ಪ ಶುರುವಾಗಿ ಇಲ್ಲಿಯವರೆಗೆ ಸುಮಾರು 197 ಕೋಟಿ ವರ್ಷ ಬರುತ್ತದೆ. ಭೂಮಿಯ ವಯಸ್ಸು ಸುಮಾರು 454 ಕೋಟಿ. ವಿಶ್ವದ್ದು 1380 ಕೋಟಿ. 432 ಅನ್ನುವುದು ಕಲ್ಪದ ಪೂರ್ತಿ ಉದ್ದ, ಕಳೆದ ಕಾಲ ಅಲ್ಲ. ನೂರು ವರ್ಷ ಬಾಳುವವನ ವಯಸ್ಸು ಈಗ ನೂರು ಅಂದ ಹಾಗಾಯಿತು.

ಹೊಂದಿಸಲು ಹೋದರೆ ಹೀಗಾಗುತ್ತದೆ. ಆದರೆ ಕೋಟಿಗಟ್ಟಲೆ ವರ್ಷಗಳನ್ನು ಕಲ್ಪಿಸಿಕೊಳ್ಳುವ ಧೈರ್ಯ ಆ ಕಾಲದಲ್ಲೇ ಇತ್ತಲ್ಲ, ಅದಕ್ಕೆ ನಾನೂ ಕೈ ಮುಗಿಯುತ್ತೇನೆ.

ತರ್ಕಪ್ರಿಯ

ಕ್ವಾಂಟಮ್ ಮಾತಿಗೆ ನಾನು. ಅಲ್ಲಿ ‘ನೋಡುವುದು’ ಅಂದರೆ ಅಳೆಯುವುದು. ಯಾರೂ ಇಲ್ಲದ ಕೋಣೆಯಲ್ಲಿ ಒಂದು ಡಿಟೆಕ್ಟರ್ ಇದ್ದರೂ ಸಾಕು. ಪ್ರಜ್ಞೆಯೇ ಬೇಕು ಅಂತ ಭೌತವಿಜ್ಞಾನಿ ವಿಗ್ನರ್ ಒಂದು ಕಾಲಕ್ಕೆ ವಾದಿಸಿದ್ದು ನಿಜ, ಆಮೇಲೆ ಅವರೇ ಆ ವಾದ ಬಿಟ್ಟರು.

ಶ್ರೋಡಿಂಗರ್ ವೇದಾಂತ ಓದಿದ್ದು, ಪ್ರೀತಿಸಿದ್ದು ಎರಡೂ ನಿಜ. ಜೀವದ ಬಗ್ಗೆ 1944ರಲ್ಲಿ ಬಂದ ಪುಟ್ಟ ಪುಸ್ತಕದ ಕೊನೆಗೆ ಆತ್ಮ ಮತ್ತು ಬ್ರಹ್ಮ ಒಂದೇ ಅನ್ನುವುದನ್ನು ತಂದಿದ್ದಾರೆ. ಪ್ರಜ್ಞೆಯ ಅನುಭವ ಯಾವಾಗಲೂ ಏಕವಚನವೇ, ಬಹುವಚನದಲ್ಲಿ ಯಾರಿಗೂ ಆಗಿಲ್ಲ ಅನ್ನುವುದು ಅವರ ಮಾತು. (ಕನ್ನಡದಲ್ಲೂ ಹಾಗೇ ಅಲ್ವಾ? ನೆನಪುಗಳು, ಕನಸುಗಳು ಇವೆ. ‘ಅರಿವುಗಳು’ ಅಂದರೆ ಕಿವಿಗೆ ಒರಟು.) ಆದರೆ 1926ರ ಸಮೀಕರಣದಲ್ಲಿ ಆತ್ಮಕ್ಕೆ ಒಂದು ಅಕ್ಷರವೂ ಇಲ್ಲ. ಅಲ್ಲಿರುವುದು ಎಲೆಕ್ಟ್ರಾನಿನ ಅಲೆ.

ಸೂಜಿಮದ್ದು

ಕ್ವಾಂಟಮ್ ಪ್ರಜ್ಞೆಯ ದೊಡ್ಡ ವಕೀಲರಲ್ಲಿ ಒಬ್ಬರು ನಮ್ಮ ಕಸುಬಿನವರೇ, ಹ್ಯಾಮರಾಫ್. ಭೌತವಿಜ್ಞಾನಿ ರೋಜರ್ ಪೆನ್ರೋಸ್ ಜೊತೆ ಸೇರಿ, ನರಕೋಶದ ಒಳಗಿನ ಸೂಕ್ಷ್ಮ ಕೊಳವೆಗಳಲ್ಲಿ ಅರಿವು ಹುಟ್ಟುತ್ತದೆ ಅಂದರು. ಮೆದುಳಿನ ಬಿಸಿಯಲ್ಲಿ ಅಂಥ ಕ್ವಾಂಟಮ್ ಸ್ಥಿತಿ ಕಣ್ಣು ಮಿಟುಕಿಸುವ ಮೊದಲೇ ಒಡೆದುಹೋಗುತ್ತದೆ ಅಂತ 2000ದಲ್ಲಿ ಟೆಗ್ಮಾರ್ಕ್ ಅನ್ನುವ ಭೌತವಿಜ್ಞಾನಿ ಲೆಕ್ಕ ಹಾಕಿದರು. ಹ್ಯಾಮರಾಫ್, ಪೆನ್ರೋಸ್ ಒಪ್ಪಲಿಲ್ಲ. ಜಗಳ ನಡೀತಾ ಇದೆ. ನನಗಂತೂ ನಂಬಿಕೆ ಕಮ್ಮಿ.

ಋಷಿಪುತ್ರ

ಹಾಗಾದರೆ ನಮ್ಮ ಶಾಸ್ತ್ರದಲ್ಲಿ ಏನೂ ಇಲ್ಲ ಅನ್ನಿ!

ಹಳೇ ಓಲೆ

ಕೋಪ ಬೇಡ. ಇದೆ, ಬೇರೆ ಜಾಗದಲ್ಲಿದೆ. ಇವತ್ತಿನ ವಿಜ್ಞಾನದ ಉತ್ತರ ಅಲ್ಲಿ ಸಿಗುತ್ತದಾ ಅಂತ ಹುಡುಕಿದರೆ ಸಿಗುವುದು ಬರೀ ಹೊಂದಾಣಿಕೆ. ಆ ಕಾಲದವರು ತಮ್ಮತಮ್ಮಲ್ಲೇ ಹೇಗೆ ಜಗಳವಾಡಿದರು ಅಂತ ನೋಡಿ. ಅಸಲು ಅಲ್ಲಿದೆ.

ಮೊದಲನೆಯದು, ಗೆರೆ ಎಲ್ಲಿ ಎಳೆಯಬೇಕು ಅನ್ನುವುದು. ದೇಹ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಅಂತ ಗೆರೆ ಎಳೆದವರು ಫ್ರಾನ್ಸಿನ ತತ್ತ್ವಜ್ಞಾನಿ ದೆಕಾರ್ತ್. ನಮ್ಮ ಹಳೇ ದರ್ಶನಗಳಲ್ಲಿ ಒಂದಾದ ಸಾಂಖ್ಯದವರು ಹಾಗೆ ಎಳೆಯಲೇ ಇಲ್ಲ. ಅವರ 25 ತತ್ತ್ವಗಳಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಎಲ್ಲವೂ ಪ್ರಕೃತಿಯ ಲೆಕ್ಕಕ್ಕೆ. ಅಂದರೆ ಜಡ. ಯೋಚನೆ, ನೆನಪು, ‘ನಾನು’ ಅನ್ನುವ ಹಮ್ಮು, ಎಲ್ಲ ಜಡದ ಆಟ. ಆಚೆ ಉಳಿಯುವವನು ಪುರುಷ ಒಬ್ಬನೇ. ಅವನು ಏನೂ ಮಾಡುವುದಿಲ್ಲ, ಅವನಿಂದ ಬೆಳಕು ಬೀಳುತ್ತದೆ ಅಷ್ಟೇ.

ಹೀಗಾಗಿ, ಮದ್ದು ಕೊಟ್ಟರೆ ಮನಸ್ಸು ನಿಲ್ಲುತ್ತದೆ ಅಂದರೆ ಸಾಂಖ್ಯನಿಗೆ ಆಶ್ಚರ್ಯವೇ ಆಗಲ್ಲ. ಛಾಂದೋಗ್ಯದಲ್ಲೇ ಉದ್ದಾಲಕ ಇದನ್ನು ಮಗನ ಮೇಲೆ ಪ್ರಯೋಗ ಮಾಡಿ ತೋರಿಸುತ್ತಾನೆ. 15 ದಿನ ಊಟ ಮಾಡಬೇಡ, ನೀರು ಮಾತ್ರ ಕುಡಿ ಅನ್ನುತ್ತಾನೆ. ಆಮೇಲೆ ವೇದ ಹೇಳು ಅಂದರೆ ಶ್ವೇತಕೇತುವಿಗೆ ಒಂದೂ ನೆನಪಿಗೆ ಬರುವುದಿಲ್ಲ. ದೊಡ್ಡ ಬೆಂಕಿ ಆರಿ ಮಿಂಚುಹುಳದಷ್ಟು ಕೆಂಡ ಉಳಿದರೆ ಅದರಿಂದ ಏನು ತಾನೇ ಸುಟ್ಟೀತು, ನಿನ್ನ ಸ್ಥಿತಿಯೂ ಅಷ್ಟೇ, ಹೋಗಿ ಊಟ ಮಾಡು ಅನ್ನುತ್ತಾನೆ ಅಪ್ಪ. ಉಂಡು ಬಂದ ಮೇಲೆ ಎಲ್ಲ ನೆನಪು. ‘ಅನ್ನಮಯಂ ಹಿ ಸೋಮ್ಯ ಮನಃ.’ ಮನಸ್ಸು ಅನ್ನದಿಂದಾದದ್ದು ಅಂತ ಉಪನಿಷತ್ತೇ ಹೇಳುತ್ತಿದೆ.

ಗುಂಡುಕಲ್ಲು

ಚೆನ್ನಾಗಿದೆ. ಮನಸ್ಸು, ನೆನಪು, ಬುದ್ಧಿ, ‘ನಾನು’ ಎಲ್ಲ ನಮಗೆ ಬಿಟ್ಟುಕೊಟ್ಟಿರಿ. ಏನೂ ಮಾಡದ ಒಬ್ಬ ಪುರುಷನನ್ನು ಮಾತ್ರ ಉಳಿಸಿಕೊಂಡಿರಿ. ಸಂಬಳ ಇಲ್ಲ, ಕೆಲಸ ಇಲ್ಲ. ಅವನನ್ನೂ ಕಳಿಸಿಬಿಡಿ.

ತರ್ಕಪ್ರಿಯ

ಕಳಿಸಲು ಹೋಗಿ ಸಿಕ್ಕಿಬಿದ್ದವರು ವಿಜ್ಞಾನಿಗಳೇ ಕಣ್ರೀ. ಕ್ರಿಸ್ಟಾಫ್ ಕಾಖ್ ಅನ್ನುವ ನರವಿಜ್ಞಾನಿ, ಡೇವಿಡ್ ಚಾಮರ್ಸ್ ಅನ್ನುವ ತತ್ತ್ವಶಾಸ್ತ್ರಜ್ಞ 1998ರಲ್ಲಿ ಪಂದ್ಯ ಕಟ್ಟಿದರು. ಇನ್ನು 25 ವರ್ಷದಲ್ಲಿ, ಅರಿವಿಗೆ ಕಾರಣವಾದ ಮೆದುಳಿನ ಗುರುತು ಸ್ಪಷ್ಟವಾಗಿ ಸಿಗುತ್ತದೆ ಅಂತ ಕಾಖ್. 2023ರಲ್ಲಿ ಅವರೇ ಸೋಲೊಪ್ಪಿ ವೈನ್ ಬಾಟಲಿ ಕೊಟ್ಟರು.

ಯಾಕೆ ಕಷ್ಟ ಅಂದರೆ, ಸುಮ್ನೆ ನರಕೋಶ ಎಣಿಸಿದರೆ ಆಗಲ್ಲ. ಮೆದುಳಿನಲ್ಲಿ ಸುಮಾರು 8600 ಕೋಟಿ ನರಕೋಶ ಇವೆ. ಅದರಲ್ಲಿ ಹತ್ತಿರ ಹತ್ತಿರ ನೂರಕ್ಕೆ 80 ಪಾಲು ಹಿಂಭಾಗದ ಕಿರುಮೆದುಳಿನಲ್ಲೇ. ಅದಕ್ಕೆ ಪೆಟ್ಟಾದರೆ ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. ಅರಿವು ಹೋಗುವುದಿಲ್ಲ. ಸಾಮಾನು ಜಾಸ್ತಿ ಇದ್ದಲ್ಲೇ ಕೆಂಪು ಬರುತ್ತದೆ ಅನ್ನುವಂತಿಲ್ಲ, ಗುಂಡುಕಲ್ಲು ಅವರೇ. ಸಾಮಾನು ಹೇಗೆ ಜೋಡಿಸಿದೆ ಅನ್ನುವುದು ಮುಖ್ಯ. ಜೋಡಣೆ ಪೂರ್ತಿ ಗೊತ್ತಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಇಷ್ಟೆಲ್ಲ ಕತ್ತಲಲ್ಲೇ ನಡೆಯಬಹುದಿತ್ತಲ್ಲ, ಒಳಗೆ ‘ಉರಿ’ ಅಂತ ಅನ್ನಿಸುವುದು ಯಾಕೆ?

ಅರೆನಿದ್ದೆ

ಒಂದು ಸಣ್ಣ ವಿಷಯ ಎಲ್ಲರೂ ದಾಟಿಕೊಂಡು ಹೋದಿರಿ. ನಿದ್ದೆಯಲ್ಲಿ ಹೊತ್ತು ಕಳೆದದ್ದು ಗೊತ್ತಾಗುತ್ತದೆ, ಅರಿವಳಿಕೆಯಲ್ಲಿ ಗೊತ್ತಾಗಲಿಲ್ಲ ಅಂದೆನಲ್ಲ. ನನ್ನನ್ನು ಕಾಡುತ್ತಿರುವುದು ಅದೇ.

ಹಳೇ ಓಲೆ

ಅದಕ್ಕೇ ಬರುತ್ತಿದ್ದೆ. ನಮ್ಮ ದರ್ಶನಗಳ ಅತಿ ರುಚಿಯಾದ ಜಗಳ ಅದು.

ಎದ್ದವನು ಹೇಳುತ್ತಾನೆ: ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ.’ ಅದ್ವೈತಿ ಕೇಳುತ್ತಾನೆ, ಏನೂ ತಿಳಿಯಲಿಲ್ಲ ಅನ್ನುವುದಾದರೂ ನಿನಗೆ ಹೇಗೆ ತಿಳಿಯಿತು? ಇದು ನೆನಪು ತಾನೇ? ಅನುಭವ ಇಲ್ಲದೆ ನೆನಪು ಇರದು. ಆದ್ದರಿಂದ ಆ ಕತ್ತಲನ್ನು ನೋಡುತ್ತಿದ್ದ ಒಬ್ಬ ಸಾಕ್ಷಿ ಇದ್ದ.

ನ್ಯಾಯ ದರ್ಶನದವನಾದ ನೈಯಾಯಿಕ ನಗುತ್ತಾನೆ. ಅದು ನೆನಪಲ್ಲ, ಊಹೆ. ಮೈ ಹಗುರವಾಗಿದೆ, ಹೊತ್ತು ಏರಿದೆ, ನಡುವಿನದ್ದು ಏನೂ ನೆನಪಿಲ್ಲ. ಹಾಗಾದರೆ ಚೆನ್ನಾಗಿ ನಿದ್ದೆ ಮಾಡಿದ್ದೇನೆ ಅಂತ ಎದ್ದ ಮೇಲೆ ಹಾಕಿದ ಲೆಕ್ಕ ಅದು. ನ್ಯಾಯದಲ್ಲಿ ಅರಿವು ಆತ್ಮದ ಸ್ವಭಾವವೇ ಅಲ್ಲ. ಮನಸ್ಸು ಬಂದು ಕೂಡಿದಾಗ ಹುಟ್ಟುವ ಗುಣ. ನಿದ್ದೆಯಲ್ಲಿ ಆ ಕೂಡಿಕೆ ಇಲ್ಲ, ಅರಿವೂ ಇಲ್ಲ, ಆತ್ಮ ಮಾತ್ರ ಇದೆ. ಮೋಕ್ಷದಲ್ಲೂ ಹಾಗೇ. ಅದಕ್ಕೇ 12ನೇ ಶತಮಾನದ ಕವಿ ಶ್ರೀಹರ್ಷ, ಕಲ್ಲಾಗುವುದನ್ನೇ ಮೋಕ್ಷ ಅಂದವನು ಅಂತ ನ್ಯಾಯಸೂತ್ರ ಬರೆದ ಗೋತಮನನ್ನು ಗೇಲಿ ಮಾಡಿದ್ದು.

ಸುಮ್ನೆ ಓದುಗ

ಗುಂಡುಕಲ್ಲು ಅವರಿಗೆ ಆಗಲೇ ಮೋಕ್ಷ ಆಗಿದೆ ಅನ್ನಿ.

ಹಳೇ ಓಲೆ

:) ಈಗ ಮಧ್ವರಿಗೆ ಬನ್ನಿ. ಹಿಂದೂ ತತ್ತ್ವ ಅಂದರೆ ಅದ್ವೈತ ಒಂದೇ ಅಂದುಕೊಳ್ಳುವುದು ಬಹಳ ಜನರ ರೂಢಿ, ಅದು ತಪ್ಪು. ಮಧ್ವರಿಗೆ ಸಾಕ್ಷಿ ಅಂದರೆ ಜೀವಾತ್ಮನ ಸ್ವಂತ ಇಂದ್ರಿಯ. ಅದು ನೇರವಾಗಿ ಹಿಡಿಯುವ ಸಂಗತಿಗಳಲ್ಲಿ ಕಾಲವೂ ಒಂದು. ಅವರ ಕಡೆಯವರು ಎದ್ದವನ ಮಾತನ್ನು ಪೂರ್ತಿ ಹೇಳುತ್ತಾರೆ: ‘ಏತಾವಂತಂ ಕಾಲಂ’ ಸುಖವಾಗಿ ಮಲಗಿದ್ದೆ. ಇಷ್ಟು ಹೊತ್ತು! ಆ ‘ಇಷ್ಟು ಹೊತ್ತು’ ನಿದ್ದೆಯಲ್ಲೂ ಸಾಕ್ಷಿಗೆ ಗೊತ್ತಿತ್ತು.

ನಿಮ್ಮ ಅನುಭವ ಇಲ್ಲಿ ಚುಚ್ಚುತ್ತದೆ. ನಿದ್ದೆಯಲ್ಲಿ ‘ಇಷ್ಟು ಹೊತ್ತು’ ಇತ್ತು. ಮದ್ದಿನಲ್ಲಿ ಅದು ಇಲ್ಲ. ಮಧ್ವರ ಕಡೆಯವರು ಇದಕ್ಕೆ ಏನನ್ನುತ್ತಿದ್ದರು ಅಂತ ಯೋಚಿಸುತ್ತಾ ನಿನ್ನೆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಮೂರ್ಛೆ ಸುಷುಪ್ತಿಯಲ್ಲ (ಗಾಢ ನಿದ್ದೆಯಲ್ಲ), ಅರ್ಧಂಬರ್ಧ ಸ್ಥಿತಿ ಅಂತ ಬ್ರಹ್ಮಸೂತ್ರದಲ್ಲೇ ಒಂದು ಸೂತ್ರ ಇದೆ, ‘ಮುಗ್ಧೇಽರ್ಧಸಂಪತ್ತಿಃ’. ಅಂದರೆ ಎರಡೂ ಒಂದೇ ಅಲ್ಲ ಅನ್ನುವುದು ಹಳಬರ ಕಣ್ಣಿಗೂ ಬಿದ್ದಿತ್ತು.

ಸೂಜಿಮದ್ದು

ವೈದ್ಯರ ಕಡೆಯಿಂದ ನೈಯಾಯಿಕನಿಗೆ ಅರ್ಧ ಅಂಕ. ನಿದ್ದೆಯಲ್ಲಿ ದೇಹದ ಗಡಿಯಾರ ನಡೀತಾ ಇರುತ್ತದೆ, ಮೆದುಳು ಹಂತ ಹಂತವಾಗಿ ಏರಿಳಿಯುತ್ತದೆ, ನಡುವೆ ಕನಸು, ಅರೆಎಚ್ಚರ. ಎದ್ದಾಗ ಊಹಿಸಲು ಬೇಕಾದಷ್ಟು ಸುಳಿವು ಇರುತ್ತದೆ. ಅರಿವಳಿಕೆಯಲ್ಲಿ ಆ ಏರಿಳಿತ ಇಲ್ಲ. ಅದಕ್ಕೇ ನಾವು ಬಾಯಿಮಾತಿಗೆ ‘ನಿದ್ದೆ ಬರಿಸುತ್ತೇವೆ’ ಅಂದರೂ, ಅದು ನಿದ್ದೆಗಿಂತ ಕೋಮಾಗೆ ಹತ್ತಿರ. ರೋಗಿಯ ಎದುರು ಹಾಗೆ ಹೇಳುವುದಿಲ್ಲ ಅಷ್ಟೇ.

ಲೆಕ್ಕದ ಮೇಷ್ಟ್ರು

ನನಗೆ ಕುತೂಹಲ ಆ ಗಡಿಯಾರದ ಬಗ್ಗೆ. ನೀವು ಇಲ್ಲದಾಗಲೂ ಅದು ನಡೆಯಿತಲ್ಲ. ಸೃಷ್ಟಿಯ ಪ್ರಶ್ನೆ ಇರುವುದು ಅಲ್ಲೇ ಅನ್ನಿಸುತ್ತದೆ. ವಿಶ್ವ ಶುರುವಾಗಿ 1380 ಕೋಟಿ ವರ್ಷದಲ್ಲಿ ಬಹುಪಾಲು, ನಮಗೆ ತಿಳಿದ ಮಟ್ಟಿಗೆ, ನೋಡುವವರು ಯಾರೂ ಇರಲಿಲ್ಲ. ಆಗ ಅದು ‘ಇತ್ತು’ ಅಂದರೆ ಏನರ್ಥ?

1930ರ ಜುಲೈನಲ್ಲಿ ಬರ್ಲಿನ್ ಹತ್ತಿರದ ಕಾಪುತ್ ಅನ್ನುವ ಊರಿನಲ್ಲಿದ್ದ ಐನ್‌ಸ್ಟೈನ್ ಮನೆಯಲ್ಲಿ ಅವರೂ ಟಾಗೋರರೂ ಇದನ್ನೇ ಮಾತಾಡಿದರು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮೇಜು ಅಲ್ಲೇ ಇರುತ್ತದೆ ಅಂತ ಐನ್‌ಸ್ಟೈನ್. ಮನುಷ್ಯನ ಮನಸ್ಸಿನಿಂದ ಹೊರಗಿನ ಸತ್ಯ ನಮಗೆ ಇಲ್ಲದ ಹಾಗೇ ಅಂತ ಟಾಗೋರ್. ಹಾಗಾದರೆ ನಾನು ನಿಮಗಿಂತ ಜಾಸ್ತಿ ಧಾರ್ಮಿಕ ಅಂತ ಐನ್‌ಸ್ಟೈನ್ ತಮಾಷೆ ಮಾಡಿದರು.

ಋಷಿಪುತ್ರ

ಇಲ್ಲಾದರೂ ವೇದಾಂತ ಟಾಗೋರ್ ಕಡೆ ಅಲ್ವಾ? ಜಗತ್ತು ಮಿಥ್ಯೆ.

ಹಳೇ ಓಲೆ

ಅಷ್ಟು ನೇರವಿಲ್ಲ. ನೋಡಿದಾಗಲೇ ಜಗತ್ತು ಹುಟ್ಟುತ್ತದೆ ಅನ್ನುವ ದೃಷ್ಟಿಸೃಷ್ಟಿವಾದ ಅದ್ವೈತದ ಒಂದು ಶಾಖೆಯಲ್ಲಿ ಇದೆ. ಆದರೆ ಶಂಕರರೇ ಬ್ರಹ್ಮಸೂತ್ರ ಭಾಷ್ಯದಲ್ಲಿ, ಹೊರಗೆ ವಸ್ತುವೇ ಇಲ್ಲ, ಇರುವುದೆಲ್ಲ ಅರಿವೇ ಅಂದ ಬೌದ್ಧ ವಿಜ್ಞಾನವಾದಿಗಳನ್ನು ಹಿಡಿದು ಕೇಳುತ್ತಾರೆ: ಕಂಬ ನೋಡಿದವನು ಕಂಬ ನೋಡಿದೆ ಅನ್ನುತ್ತಾನೆಯೇ ಹೊರತು ಕಂಬದ ಅರಿವನ್ನು ನೋಡಿದೆ ಅನ್ನುತ್ತಾನಾ? ವ್ಯವಹಾರದ ಮಟ್ಟದಲ್ಲಿ ಆ ಗಡಿಯಾರ ನಡೆಯಿತು ಅಂತ ಶಂಕರರೂ ಒಪ್ಪುತ್ತಾರೆ. ಮಧ್ವರಂತೂ ಕೇಳುವುದೇ ಬೇಡ, ಜಗತ್ತು ಸತ್ಯ ಅಂತ ಮೇಜು ಕುಟ್ಟುತ್ತಾರೆ.

ಸೃಷ್ಟಿ ಅಂದಾಗ ನನಗೆ ಮಾತ್ರ ಋಗ್ವೇದದ ಹತ್ತನೇ ಮಂಡಲದ 129ನೇ ಸೂಕ್ತ ನೆನಪಾಗುತ್ತದೆ. ಏಳೇ ಮಂತ್ರ. ಆಗ ಇರುವಿಕೆಯೂ ಇರಲಿಲ್ಲ, ಇಲ್ಲದಿರುವಿಕೆಯೂ ಇರಲಿಲ್ಲ ಅಂತ ಶುರು. ನಡುವೆ, ಮನಸ್ಸಿನ ಮೊದಲ ಬೀಜವಾಗಿ ಕಾಮ ಹುಟ್ಟಿತು ಅನ್ನುತ್ತದೆ. ಆಮೇಲೆ ಅದೇ ಹಿಂದೆ ಸರಿಯುತ್ತದೆ: ದೇವರುಗಳೇ ಸೃಷ್ಟಿಯಾದ ಮೇಲೆ ಬಂದವರು, ಇದು ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತು? ಮೇಲೆ ಕೂತು ನೋಡುವವನಿಗೆ ಗೊತ್ತಿರಬಹುದು. ‘ಯದಿ ವಾ ನ ವೇದ.’ ಅವನಿಗೂ ಗೊತ್ತಿಲ್ಲದೆ ಇರಬಹುದು.

ತರ್ಕಪ್ರಿಯ

ಬಿಗ್ ಬ್ಯಾಂಗ್ ಕೂಡ ‘ಶೂನ್ಯದಿಂದ ವಿಶ್ವ ಬಂತು’ ಅಂತ ಹೇಳುವುದಿಲ್ಲ ಅನ್ನುವುದನ್ನು ಸೇರಿಸಿಬಿಡಿ. ಬಹಳ ಬಿಸಿಯಾಗಿ, ಬಹಳ ಒತ್ತಾಗಿ ಇದ್ದದ್ದು ಹಿಗ್ಗಿತು ಅನ್ನುತ್ತದೆ, ಅಷ್ಟೇ. ಆಗಿನ ಬೆಳಕು ಈಗಲೂ ಎಲ್ಲ ದಿಕ್ಕಿನಿಂದ ಬರುತ್ತಿದೆ, 1965ರಲ್ಲಿ ಪೆನ್ಜಿಯಾಸ್, ವಿಲ್ಸನ್ ಪ್ರಕಟಿಸಿದ್ದು ಅದನ್ನೇ. ಆ ಬೆಳಕು ಹೊರಟಿದ್ದು ಹಿಗ್ಗಲು ಶುರುವಾಗಿ ಸುಮಾರು 3,80,000 ವರ್ಷವಾದ ಮೇಲೆ. ಅದಕ್ಕೂ ಹಿಂದಕ್ಕೆ ಬೆಳಕಿನಲ್ಲಿ ನೋಡಲು ಆಗುವುದೇ ಇಲ್ಲ, ಮಂಜಿನ ಗೋಡೆ. ತೊಂಬತ್ತೈದರ ಆಚೆ.

ಅರೆನಿದ್ದೆ

ಸಮಾಧಾನ ಬೇಡ ಅಂದಿದ್ದೆ, ನೀವೂ ಕೊಡಲಿಲ್ಲ. ಒಳ್ಳೆಯದಾಯಿತು. ಸಾಕ್ಷಿ ಇದ್ದನೋ ಇಲ್ಲವೋ ಅನ್ನುವುದಕ್ಕಿಂತ, ನನ್ನ ನೆನಪನ್ನೇ ನಂಬಿ ನಾನು ‘ಇರಲಿಲ್ಲ’ ಅಂತ ತೀರ್ಮಾನ ಮಾಡಿದ್ದೆನಲ್ಲ, ಅದು ಈಗ ಸಡಿಲಾಗಿದೆ.

ಮುಂದಿನ ವರ್ಷ ಕಾಲಿನ ರಾಡ್ ತೆಗೆಸಲು ಮತ್ತೆ ಮಲಗಬೇಕು. ಈ ಸಲ ಎಣಿಸುವುದು ಬಿಟ್ಟು ಗಡಿಯಾರವನ್ನೇ ದಿಟ್ಟಿಸಿ ನೋಡುತ್ತಾ ಇರೋಣ ಅಂದುಕೊಂಡಿದ್ದೇನೆ.

ಸೂಜಿಮದ್ದು

ಕಾಲು ತಾನೇ? ನಿಮ್ಮ ವೈದ್ಯರು ಒಪ್ಪಿದರೆ ಬೆನ್ನಿಗೆ ಒಂದು ಸೂಜಿ ಸಾಕಾಗಬಹುದು. ಸೊಂಟದ ಕೆಳಗೆ ಮಾತ್ರ ಮರಗಟ್ಟುತ್ತದೆ. ಪೂರ್ತಿ ಎಚ್ಚರವಾಗಿ ಎಲ್ಲ ಕೇಳಿಸಿಕೊಳ್ಳುತ್ತಾ, ಸಾಕ್ಷಿಯಾಗಿಯೇ ಮಲಗಿರಬಹುದು.

ಅರೆನಿದ್ದೆ

ಡ್ರಿಲ್ ಸದ್ದು ಕೇಳಿಸಿಕೊಂಡಾ? ಬೇಡಪ್ಪ. ಅಳಿಸಿಬಿಡಿ.